ಸಾಲ ಕೊಟ್ಟ ಮೇಲೆ ಯಾರು ಬಂದರು?

ಆರನೇ ಪಂಚವಾರ್ಷಿಕ ಯೋಜನೆಯ ಹೊತ್ತಿಗೆ ದೆಹಲಿಯಲ್ಲಿ ಒಂದು ಲೆಕ್ಕ ಸಿದ್ಧವಾಗಿತ್ತು. ದೇಶದಲ್ಲಿ 5,000ಕ್ಕೂ ಹೆಚ್ಚು ಬ್ಲಾಕುಗಳಿವೆ. ಒಂದು ಬ್ಲಾಕಿನಲ್ಲಿ ವರ್ಷಕ್ಕೆ 600 ಬಡ ಕುಟುಂಬಗಳಿಗೆ ಸಾಲ ಮತ್ತು ಸಬ್ಸಿಡಿ ಕೊಟ್ಟರೆ ಐದು ವರ್ಷದಲ್ಲಿ ಬ್ಲಾಕಿಗೆ 3,000, ದೇಶಕ್ಕೆ ಒಂದೂವರೆ ಕೋಟಿ ಕುಟುಂಬಗಳು ಬಡತನದ ಗೆರೆ ದಾಟುತ್ತವೆ. ಗೆರೆ ಇದ್ದದ್ದು ವರ್ಷಕ್ಕೆ 3,500 ರೂಪಾಯಿ ವರಮಾನದ ಹತ್ತಿರ. 1980ರ ಅಕ್ಟೋಬರ್ 2ರಿಂದ ಎಲ್ಲ ಬ್ಲಾಕುಗಳಿಗೂ ವಿಸ್ತರಿಸಿದ ಈ ಸಮಗ್ರ ಗ್ರಾಮೀಣ ಅಭಿವೃದ್ಧಿ ಯೋಜನೆಯನ್ನು ನಮ್ಮ ಕಡೆ ಎಲ್ಲರೂ ಐ.ಆರ್.ಡಿ.ಪಿ. ಎಂದೇ ಕರೆದರು. ರಾಜಸ್ಥಾನದ ಮರಳುಗಾಡಿನ ಬ್ಲಾಕಿಗೂ 600, ಪುತ್ತೂರಿಗೂ 600.

ಇಚಿಲಂಪಾಡಿ ಆಗ ಪುತ್ತೂರು ತಾಲೂಕಿನ ಒಂದು ಮೂಲೆ. ಕಡಬ ಬೇರೆ ತಾಲೂಕಾದದ್ದು ತೀರ ಈಚೆಗೆ; ಅಲ್ಲಿಯವರೆಗೆ ಒಂದು ರುಜು, ಒಂದು ಮೊಹರು ಬೇಕಾದರೂ ಪುತ್ತೂರಿನ ಬಸ್ಸು ಹಿಡಿಯಬೇಕಿತ್ತು. ಗುಂಡ್ಯ ಹೊಳೆಯ ದಂಡೆಯ ಈ ಊರು ಘಟ್ಟದ ಬುಡದ್ದು. ಅಡಿಕೆ, ರಬ್ಬರು, ಒಂದಷ್ಟು ಕಾಳುಮೆಣಸು, ನಡುವೆ ಕಾಡು. ಧರ್ಮಸ್ಥಳದಿಂದ ಪೆರಿಯಶಾಂತಿ ದಾಟಿ ಸುಬ್ರಹ್ಮಣ್ಯಕ್ಕೆ ಹೋಗುವ ರಸ್ತೆ ಇಲ್ಲೇ ಹಾಯುತ್ತದೆ. ಇಂಥ ಊರಿನಲ್ಲಿ ಸಣ್ಣ ಉದ್ಯಮವೆಂದರೆ ಗೂಡಂಗಡಿ, ಚಾದಂಗಡಿ, ಟೈಲರ್ ಅಂಗಡಿ, ಬೀಡಿ ಕಟ್ಟುವುದು, ಎರಡು ದನ, ಒಂದು ರಬ್ಬರ್ ಶೀಟಿನ ಮೆಷಿನು. ಸರಕಾರದ ನೆರವು ಸಣ್ಣವರ ಬದುಕನ್ನು ಎಷ್ಟು ಬದಲಿಸಿತು ಎಂದು ನೋಡಲು ಇಂಥ ಊರೇ ಸರಿ. ದೊಡ್ಡ ಪೇಟೆಯಲ್ಲಾದರೆ ಸಾಲ ಇಲ್ಲದಿದ್ದರೂ ವ್ಯಾಪಾರ ಹೇಗೋ ನಡೆದೀತು.

ಉಡುಪಿಯೂ ಸೇರಿದ್ದ ಅಂದಿನ ದಕ್ಷಿಣ ಕನ್ನಡ ಜಿಲ್ಲೆಗೆ ಸಾಲದ ಪಾಠವನ್ನು ಸರಕಾರ ಕಲಿಸಬೇಕಾಗಿರಲಿಲ್ಲ. 1904ರಲ್ಲಿ ಸಹಕಾರಿ ಕಾಯಿದೆ ಬಂದ ಐದೇ ವರ್ಷಕ್ಕೆ, 1909ರಲ್ಲಿ, ಮೊಳಹಳ್ಳಿ ಶಿವರಾಯರು ಪುತ್ತೂರಿನಲ್ಲಿ ಸಹಕಾರಿ ಪತ್ತಿನ ಸಂಘ ಕಟ್ಟಿದರು. ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು ಹುಟ್ಟಿದ್ದೂ ಪುತ್ತೂರಿನಲ್ಲಿ, 1914ರಲ್ಲಿ. ಮಂಗಳೂರಿಗೆ ಹೋದದ್ದು ಆಮೇಲೆ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿಗೆ ಮೊದಲಿಟ್ಟರು, ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಶನ್ ಬ್ಯಾಂಕಿಗೆ. ನನ್ನ ಮಾತಿಗೆ ಹೆಚ್ಚು ಹತ್ತಿರದ್ದು 1925ರ ಕತೆ. ಉಡುಪಿ ಸುತ್ತಿನ ಕೈಮಗ್ಗದ ನೇಕಾರರು ಸಂಕಷ್ಟದಲ್ಲಿದ್ದರು. ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಮೂವರೂ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್ ತೆರೆದರು. ಮೂರು ವರ್ಷ ಕಳೆದು ಪಿಗ್ಮಿ ಠೇವಣಿ ಬಂತು. ದಿನಕ್ಕೆ ಎರಡಾಣೆ, ಅದನ್ನು ತೆಗೆದುಕೊಳ್ಳಲು ಬ್ಯಾಂಕಿನವನೇ ಅಂಗಡಿ ಬಾಗಿಲಿಗೆ ಬರುತ್ತಿದ್ದ.

ಪಿಗ್ಮಿ ಏಜೆಂಟನ ಕೈಚೀಲದ ಬಗ್ಗೆ ಬೇಕಾದಷ್ಟು ಹೊಗಳಿಕೆ ಬರೆದಾಗಿದೆ. ಅವನು ಉಳಿತಾಯ ಕಲಿಸಿದ ಎನ್ನುತ್ತಾರೆ, ಅದು ನಿಜವೇ. ಆದರೆ ದಿನಾ ಬರುವವನಿಗೆ ಬೇರೊಂದು ಸಂಗತಿಯೂ ತಿಳಿಯುತ್ತಿತ್ತು: ಯಾವ ಅಂಗಡಿಯಲ್ಲಿ ಸರಕು ಕಡಿಮೆಯಾಗುತ್ತಿದೆ, ಯಾರು ಮೂರು ದಿನದಿಂದ ಬಾಗಿಲು ತೆರೆದಿಲ್ಲ, ಯಾರ ಮನೆಯಲ್ಲಿ ಕಾಯಿಲೆ, ಯಾರಿಗೆ ಇನ್ನೊಂದು ಸಾವಿರ ಕೊಟ್ಟರೆ ಮೇಲೆ ಬಂದಾನು. ಸಾಲದ ಅರ್ಜಿಯ ಯಾವ ಕಾಲಮ್ಮಿನಲ್ಲೂ ಇದು ತುಂಬುವುದಿಲ್ಲ.

1969ರ ಜುಲೈ 19ರಂದು ಇಂದಿರಾ ಗಾಂಧಿಯವರು 14 ಬ್ಯಾಂಕುಗಳನ್ನು ರಾಷ್ಟ್ರೀಕರಿಸಿದಾಗ ಕೆನರಾ, ಸಿಂಡಿಕೇಟ್ ಎರಡೂ ಸರಕಾರದ್ದಾದವು. 1980ರ ಏಪ್ರಿಲ್ 15ರಂದು ಕಾರ್ಪೊರೇಶನ್, ವಿಜಯಾ. ಹೀಗೆ ಒಂದೇ ಜಿಲ್ಲೆಯ ನಾಲ್ಕು ಬ್ಯಾಂಕುಗಳು ಕೇಂದ್ರ ಸರಕಾರದ ಕೈಗೆ ಹೋದವು. 1969ರ ಡಿಸೆಂಬರಿನಲ್ಲಿ ಲೀಡ್ ಬ್ಯಾಂಕ್ ಪದ್ಧತಿ ಬಂದು ಒಂದೊಂದು ಜಿಲ್ಲೆಯ ಹೊಣೆ ಒಂದೊಂದು ಬ್ಯಾಂಕಿಗಾಯಿತು; ನಮ್ಮ ಜಿಲ್ಲೆ ಸಿಂಡಿಕೇಟಿನ ಪಾಲು. 1972ರಲ್ಲಿ ಬಡವರಿಗೆ ಶೇಕಡಾ 4ರ ಬಡ್ಡಿಯ ಸಾಲ ಬಂತು. ಇತ್ತ ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣೆಯಾಗಿ ಗೇಣಿದಾರರು ಒಡೆಯರಾದರು, 1976ರ ಋಣಪರಿಹಾರ ಕಾಯಿದೆ ಲೇವಾದೇವಿಯವರ ಹಿಡಿತ ಸಡಿಲಿಸಿತು. ಹಳೆಯ ಲೇವಾದೇವಿಗಾರ ದೂರವಾದ, ಹೊಸ ಸಾಲ ಯಾರು ಕೊಡುತ್ತಾರೆ ಎಂಬ ಪ್ರಶ್ನೆ ಹಾಗೇ ನಿಂತಿತ್ತು. ಪೇಟೆಯ ಬ್ಯಾಂಕು ಕೇಳುತ್ತಿದ್ದುದು ಜಾಮೀನು. ಗೇಣಿ ಬಿಟ್ಟು ಒಡೆಯನಾದವನ ಬಳಿ ಪಹಣಿಯಾದರೂ ಇತ್ತು. ಬೀಡಿ ಕಟ್ಟುವ ಹೆಂಗಸಿನ ಬಳಿ ಅದೂ ಇರಲಿಲ್ಲ.

ಇಲ್ಲಿಗೆ ಬಿ. ಜನಾರ್ದನ ಪೂಜಾರಿಯವರು ಬರುತ್ತಾರೆ. ವಕೀಲರು, 1977ರಿಂದ ಮಂಗಳೂರಿನ ಸಂಸದರು, ಇಂದಿರಾ ಮತ್ತು ರಾಜೀವ್ ಸಂಪುಟಗಳಲ್ಲಿ ಹಣಕಾಸು ಖಾತೆಯ ಕಿರಿಯ ಮಂತ್ರಿ. ಬ್ಯಾಂಕುಗಳು ಬಡವರ ಬಳಿಗೆ ಬರುವುದಿಲ್ಲವಾದರೆ ಬಡವರನ್ನೂ ಬ್ಯಾಂಕಿನವರನ್ನೂ ಒಂದೇ ಮೈದಾನಕ್ಕೆ ಕರೆತರೋಣ ಎಂದು ಹೊರಟರು. ಸಾಲಮೇಳ ಎಂಬ ಹೆಸರು ಅವರಿಗೆ ಎಷ್ಟು ಅಂಟಿಕೊಂಡಿತೆಂದರೆ, 2018ರಲ್ಲಿ ಪ್ರಕಟವಾದ ಆತ್ಮಕತೆಗೆ ಅವರು ಇಟ್ಟ ಹೆಸರೇ ‘ಸಾಲಮೇಳದ ಸಂಗ್ರಾಮ’.

ಮೇಳದ ದಿನ ಹೇಗಿರುತ್ತಿತ್ತೆಂದು ಆ ಕಾಲ ಕಂಡವರೆಲ್ಲ ಹೇಳುತ್ತಾರೆ. ಶಾಲೆಯ ಮೈದಾನದಲ್ಲಿ ಶಾಮಿಯಾನ, ವೇದಿಕೆಯಲ್ಲಿ ಮಂತ್ರಿ, ಪಕ್ಕದಲ್ಲಿ ಬಲವಂತಕ್ಕೆ ಕೂತಂತೆ ಬ್ಯಾಂಕಿನ ಮ್ಯಾನೇಜರುಗಳ ಸಾಲು, ಕೆಳಗೆ ಬೆಳಿಗ್ಗೆಯಿಂದ ಬಿಸಿಲಲ್ಲಿ ಕೂತ ಜನ. ಮೈಕಿನಲ್ಲಿ ಹೆಸರು ಕೂಗುತ್ತಿದ್ದರು. ಹೆಸರು ಬಂದವರು ಎದ್ದು ಹೋಗಿ ಮಂಜೂರಾತಿ ಪತ್ರ ತೆಗೆದುಕೊಂಡು, ಕೈಮುಗಿದು, ಫೋಟೋಕ್ಕೆ ನಿಲ್ಲುತ್ತಿದ್ದರು. ಅಲ್ಲಿಯವರೆಗೆ ಬ್ಯಾಂಕಿನ ಮೆಟ್ಟಿಲು ಹತ್ತದವರು, ಮ್ಯಾನೇಜರನ ಎದುರು ಕುರ್ಚಿಯಲ್ಲಿ ಕೂರದವರು ಅವತ್ತು ಅದೇ ಮ್ಯಾನೇಜರನ ಕೈಯಿಂದ ಕಾಗದ ಪಡೆದರು. ಬ್ಯಾಂಕಿಂಗ್ ತಜ್ಞರು ಸಾಲಮೇಳವನ್ನು ಬೈಯುವಾಗ ಇದನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ನಾನು ಹಿಡಿಯುತ್ತೇನೆ. ಈ ಜಿಲ್ಲೆಯ ಬ್ಯಾಂಕುಗಳು ಎಷ್ಟೇ ಉದಾರವಾಗಿದ್ದರೂ ಅವುಗಳ ಬಾಗಿಲಲ್ಲಿ ಜಾತಿಯ, ಆಸ್ತಿಯ ಒಂದು ಕಾಣದ ಹೊಸ್ತಿಲು ಇತ್ತು. ಅದನ್ನು ಕಿತ್ತುಹಾಕಿದ್ದರಲ್ಲಿ ಮೇಳದ ಪಾಲು ದೊಡ್ಡದು.

ಆದರೆ ಉದ್ಯಮದ ಯೋಜನೆಯಾಗಿ ಅದು ಸೋತಿತು. ಸೋತದ್ದು ಹೇಗೆಂದು ನೋಡಬೇಕಾದರೆ ಮೈದಾನ ಬಿಟ್ಟು ಕಡತಕ್ಕೆ ಬರಬೇಕು. ಮೇಳದಲ್ಲಿ ಹಂಚುತ್ತಿದ್ದುದರಲ್ಲಿ ಐ.ಆರ್.ಡಿ.ಪಿ. ಸಾಲವೂ ಇತ್ತು; ಅದರ ಸಬ್ಸಿಡಿ ಸಣ್ಣ ರೈತರಿಗೆ ಕಾಲು ಭಾಗ, ಅತಿಸಣ್ಣ ರೈತರು, ಕೂಲಿಕಾರರು, ಕುಶಲಕರ್ಮಿಗಳಿಗೆ ಮೂರರಲ್ಲೊಂದು ಭಾಗ, ಪರಿಶಿಷ್ಟರಿಗೆ ಅರ್ಧ. ಸಾಮಾನ್ಯ ಮಿತಿ 3,000 ರೂಪಾಯಿ, ಪರಿಶಿಷ್ಟರಿಗೆ 5,000. ಉಳಿದದ್ದು ಬ್ಯಾಂಕ್ ಸಾಲ. ಗ್ರಾಮಸೇವಕ ಪಟ್ಟಿ ಮಾಡಬೇಕು, ಬಿ.ಡಿ.ಒ. ಶಿಫಾರಸು ಮಾಡಬೇಕು, ಬ್ಯಾಂಕು ಮಂಜೂರು ಮಾಡಬೇಕು. ಹಣ ಹೆಚ್ಚಾಗಿ ಫಲಾನುಭವಿಯ ಕೈಗೆ ಬರುತ್ತಿರಲಿಲ್ಲ. ದನ ಮಾರುವವನಿಗೆ, ಹೊಲಿಗೆ ಯಂತ್ರದ ಡೀಲರನಿಗೆ ನೇರ ಹೋಗುತ್ತಿತ್ತು. ದುರುಪಯೋಗ ತಪ್ಪಿಸಲು ಮಾಡಿದ ಈ ಏರ್ಪಾಡೇ ಡೀಲರುಗಳಿಗೆ ವರವಾಯಿತು. ಕೊಳ್ಳುವವನು ಚೌಕಾಸಿ ಮಾಡುವ ಹಾಗಿಲ್ಲ, ಕೊಡುವವನು ಬ್ಯಾಂಕು, ಸಬ್ಸಿಡಿ ಎಷ್ಟೆಂದು ಎಲ್ಲರಿಗೂ ಗೊತ್ತು. ಬೆಲೆ ಯಾವ ಕಡೆ ಸರಿಯುತ್ತದೆಂದು ಬೇರೆ ಹೇಳಬೇಕಿಲ್ಲ.

ಹೊಲಿಗೆ ಯಂತ್ರವನ್ನೇ ತೆಗೆದುಕೊಳ್ಳಿ. ಹಳ್ಳಿಯಲ್ಲಿ ಒಬ್ಬ ಟೈಲರ್ ಇದ್ದಾನೆ ಎನ್ನೋಣ. ಶಾಲೆ ಶುರುವಾಗುವ ಜೂನ್, ಆಮೇಲೆ ಅಷ್ಟಮಿ, ಚೌತಿ, ದೀಪಾವಳಿ, ಕ್ರಿಸ್ಮಸ್, ಹಬ್ಬ-ಜಾತ್ರೆಯ ನಾಲ್ಕು ತಿಂಗಳು ಅವನಿಗೆ ಕೈತುಂಬ ಕೆಲಸ. ಉಳಿದ ದಿನ ಹರಿದ ಚಡ್ಡಿ, ಬ್ಲೌಸಿನ ಪಟ್ಟಿ. ಆ ಊರಿಗೆ 600ರ ಗುರಿಯಲ್ಲಿ ಇನ್ನೂ ನಾಲ್ಕು ಹೊಲಿಗೆ ಯಂತ್ರ ಬಂದರೆ ಹೊಲಿಸಿಕೊಳ್ಳುವ ಬಟ್ಟೆ ಹೆಚ್ಚುವುದಿಲ್ಲ. ಇದ್ದ ಒಬ್ಬನ ಗಳಿಕೆ ಐವರಲ್ಲಿ ಹಂಚಿಹೋಗುತ್ತದೆ, ಹೊಸ ನಾಲ್ವರೂ ಕಂತು ಕಟ್ಟಲಾರರು. ದನದ ಕತೆಯೂ ಹಾಗೆಯೇ. ಹಾಲು ಅಳೆಯುವ ಸೊಸೈಟಿ ಹತ್ತಿರವಿದ್ದ ಕಡೆ ದನ ಉಳಿಯಿತು, ಇಲ್ಲದ ಕಡೆ ಅದನ್ನು ಮಾರಿದರು. ಕಡತದಲ್ಲಿ ಮಾತ್ರ ಆ ನಾಲ್ಕು ಯಂತ್ರಗಳೂ ಮಾರಿಹೋದ ದನಗಳೂ ಸಾಧನೆಯೇ. ಬ್ಲಾಕ್ ಕಚೇರಿ ಮಾರ್ಚ್ 31ಕ್ಕೆ ಉತ್ತರ ಹೇಳಬೇಕಾಗಿದ್ದುದು ಎಷ್ಟು ಕೊಟ್ಟಿರಿ ಎಂಬುದಕ್ಕೆ. ಹೋದ ವರ್ಷ ಕೊಟ್ಟದ್ದು ಏನಾಯಿತೆಂದು ಕೇಳುವವರ ಹುದ್ದೆ ಮಂಜೂರಾಗಿರಲಿಲ್ಲ. ಸಾಲದ ವಸೂಲಿ ದೇಶಾದ್ಯಂತ ಅರ್ಧಕ್ಕಿಂತ ಕೆಳಗಿಳಿಯಿತು.

1990ರಲ್ಲಿ ವಿ.ಪಿ. ಸಿಂಗ್ ಸರಕಾರ 10,000 ರೂಪಾಯಿವರೆಗಿನ ಕೃಷಿ ಮತ್ತು ಗ್ರಾಮೀಣ ಸಾಲ ಮನ್ನಾ ಮಾಡಿತು. ಕಟ್ಟಲಾಗದೆ ಒದ್ದಾಡುತ್ತಿದ್ದವರಿಗೆ ಅದು ಉಸಿರು ಕೊಟ್ಟಿತು, ಸುಳ್ಳಲ್ಲ. ಹೊಟ್ಟೆ ಕಟ್ಟಿ ಕಂತು ತೀರಿಸಿದ್ದವರು ಮಾತ್ರ ಮೂರ್ಖರಂತೆ ಕಂಡರು. ಮರುವರ್ಷ ನರಸಿಂಹಂ ಸಮಿತಿ ಗುರಿ ಕೊಟ್ಟು ಸಾಲ ಹಂಚಿಸುವ ಪದ್ಧತಿಯನ್ನೇ ಹಂತಹಂತವಾಗಿ ಕೈಬಿಡಿ ಎಂದಿತು. ಅದೇ 1991ರ ಚುನಾವಣೆಯಲ್ಲಿ ಮಂಗಳೂರು ಪೂಜಾರಿಯವರ ಕೈತಪ್ಪಿತು. ಅದಕ್ಕೆ ರಾಮಜನ್ಮಭೂಮಿಯಿಂದ ಹಿಡಿದು ಹಲವು ಕಾರಣಗಳಿದ್ದವು, ಸಾಲಮೇಳದ ತಲೆಗೇ ಕಟ್ಟುವುದು ನ್ಯಾಯವಲ್ಲ.

ಅದೇ ವರ್ಷಗಳಲ್ಲಿ ಇದೇ ನೆಲದಲ್ಲಿ ಬೇರೆ ಬಗೆಯ ನೆರವೂ ನಡೆಯುತ್ತಿತ್ತು, ಮೈಕಿಲ್ಲದೆ. ತಿರುವಾಂಕೂರು ಕಡೆಯಿಂದ ವಲಸೆ ಬಂದ ಕ್ರೈಸ್ತ ಕುಟುಂಬಗಳು ನೆಲ್ಯಾಡಿ, ಇಚಿಲಂಪಾಡಿ, ಕಡಬದ ಗುಡ್ಡಗಳಲ್ಲಿ ರಬ್ಬರು ನೆಟ್ಟಿದ್ದವು. ನೋಡಿದ ಸ್ಥಳೀಯರೂ ನೆಟ್ಟರು. 1947ರ ಕಾಯಿದೆಯಿಂದ ಹುಟ್ಟಿದ ರಬ್ಬರ್ ಬೋರ್ಡು ಸಣ್ಣ ಹಿಡುವಳಿದಾರನಿಗೆ ನಾಟಿಯ ಸಹಾಯಧನ ಕೊಡುತ್ತಿತ್ತು. ಕೊಡುತ್ತಿದ್ದ ರೀತಿ ನೋಡಿ. ರಬ್ಬರಿನ ಗಿಡ ಹಾಲು ಕೊಡಲು ಏಳು ವರ್ಷ ಬೇಕು, ಅಷ್ಟು ಕಾಲ ಸಣ್ಣವನು ಏನು ತಿನ್ನಬೇಕು? ಬೋರ್ಡು ಹಣವನ್ನು ಒಂದೇ ಸಲ ಕೊಡದೆ ವರ್ಷವರ್ಷದ ಕಂತಾಗಿ ಕೊಟ್ಟಿತು. ಕಂತಿಗೆ ಮೊದಲು ಫೀಲ್ಡ್ ಆಫೀಸರ್ ಗುಡ್ಡ ಹತ್ತಿ ಬಂದು ಗಿಡ ನೋಡಬೇಕು. ಬಂದವನು ಸುಮ್ಮನೆ ಎಣಿಸಿ ಹೋಗುತ್ತಿರಲಿಲ್ಲ. ಬುಡಕ್ಕೆ ಸೊಪ್ಪು ಹಾಕು, ಇದಕ್ಕೆ ರೋಗ ಬಂದಿದೆ, ಟ್ಯಾಪಿಂಗ್ ಇಷ್ಟು ಆಳಕ್ಕೆ ಬೇಡ ಎಂದು ಹೇಳುತ್ತಿದ್ದ. 1986ರ ನಂತರ ಬೆಳೆಗಾರರ ಸಂಘಗಳು ಬಂದವು. ಒಳ್ಳೆಯ ಶೀಟು ಮಾಡುವುದು, ಹೊಗೆಗೂಡು ಕಟ್ಟುವುದು, ಒಟ್ಟಾಗಿ ಮಾರುವುದು ಅವುಗಳ ಕೆಲಸ. 2011ರಲ್ಲಿ ಕಿಲೋಗೆ 240 ರೂಪಾಯಿ ಏರಿದ ರಬ್ಬರು 2016ರ ಹೊತ್ತಿಗೆ 100ರ ಕೆಳಗೆ ಬಿದ್ದಾಗ ಬೋರ್ಡಿನ ಯಾವ ಕಂತೂ ಕಾಪಾಡಲಿಲ್ಲ, ಅದೂ ಹೇಳಬೇಕಾದ ಮಾತು. ಆದರೆ ತೋಟ ಇತ್ತು, ಕಸುಬು ಇತ್ತು.

ಅಡಿಕೆಯಲ್ಲಿ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಇನ್ನೂ ದೊಡ್ಡ ಉದಾಹರಣೆ. 1970-71ರಲ್ಲಿ ಅಡಿಕೆ ಧಾರಣೆ ಕುಸಿದು ತೋಟದವರು ಕಂಗಾಲಾದಾಗ ವಾರಣಾಶಿ ಸುಬ್ರಾಯ ಭಟ್ಟರು ಊರೂರು ಸುತ್ತಿ ಬೆಳೆಗಾರರನ್ನು ಒಗ್ಗೂಡಿಸಿದರು. 1973ರ ಜುಲೈ 11ರಂದು ಸಂಸ್ಥೆ ಹುಟ್ಟಿತು. ಕರ್ನಾಟಕ, ಕೇರಳ ಎರಡೂ ಸರಕಾರಗಳು ಷೇರು ಹಾಕಿದವು. ಕೊಕ್ಕೊ ಕೊಳ್ಳುವವರಿಲ್ಲದಾದಾಗ ಅದನ್ನೂ ಕೊಳ್ಳಲು ಇಳಿದ ಸಂಸ್ಥೆ, 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕಲೇಟ್ ಕಾರ್ಖಾನೆಯನ್ನೇ ತೆರೆಯಿತು. ಇಲ್ಲಿ ಸರಕಾರದ ದುಡ್ಡು ಹೋದದ್ದು ಒಬ್ಬೊಬ್ಬ ಬೆಳೆಗಾರನ ಕೈಗಲ್ಲ, ಅವನ ಮಾಲು ಕೊಳ್ಳುವ ಒಂದು ಅಂಗಡಿಗೆ. ಸಣ್ಣವನಿಗೆ ಸಾಲಕ್ಕಿಂತ ಹೆಚ್ಚಾಗಿ ನಂಬಿಕೆಯ ಗಿರಾಕಿ ಬೇಕಿತ್ತು.

ಮೂರನೆಯದು ಉಜಿರೆಯದು. 1982ರಲ್ಲಿ, ಸಾಲಮೇಳಗಳು ಭರದಿಂದ ಏಳುತ್ತಿದ್ದಾಗಲೇ, ಡಾ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ ಧರ್ಮಸ್ಥಳದ ಶಿಕ್ಷಣ ಟ್ರಸ್ಟು, ಸಿಂಡಿಕೇಟ್ ಬ್ಯಾಂಕು, ಕೆನರಾ ಬ್ಯಾಂಕು ಸೇರಿ ರುಡ್‌ಸೆಟ್ ಸಂಸ್ಥೆ ತೆರೆದವು. ನಿರುದ್ಯೋಗಿ ಯುವಕ ಯುವತಿಯರಿಗೆ ಉಚಿತ ಊಟ, ವಸತಿ, ಕೆಲವು ವಾರಗಳ ತರಬೇತಿ. ಮೋಟಾರ್ ರಿವೈಂಡಿಂಗ್, ಹೊಲಿಗೆ, ಹೈನುಗಾರಿಕೆ, ಫೋಟೋಗ್ರಫಿ. ಕಸುಬಿನ ಜತೆಗೆ ಅಲ್ಲಿ ಒಂದು ಆಟ ಆಡಿಸುತ್ತಾರೆ. ನೆಲದಲ್ಲಿ ಒಂದು ಗೂಟ, ಕೈಯಲ್ಲಿ ರಿಂಗುಗಳು. ಎಷ್ಟು ದೂರದಿಂದ ಎಸೆಯುವುದೆಂದು ನಿಮ್ಮ ಇಷ್ಟ; ದೂರ ಹೋದಷ್ಟೂ ಅಂಕ ಹೆಚ್ಚು. ಕೆಲವರು ಗೂಟದ ಬುಡದಲ್ಲೇ ನಿಂತು ಹಾಕುತ್ತಾರೆ, ಎಲ್ಲವೂ ಬೀಳುತ್ತದೆ, ಅಂಕ ಸಿಗುವುದಿಲ್ಲ. ಕೆಲವರು ಗೋಡೆಗೆ ಬೆನ್ನು ಹಚ್ಚಿ ಎಸೆದು ಎಲ್ಲವನ್ನೂ ಕಳೆದುಕೊಳ್ಳುತ್ತಾರೆ. ಒಂದೆರಡು ಎಸೆದು ನೋಡಿ, ಒಂದು ಹೆಜ್ಜೆ ಹಿಂದೆ ಸರಿದು, ಮತ್ತೆ ಎಸೆಯುವವನು ಅಂಗಡಿ ಇಟ್ಟರೆ ಉಳಿಸಿಕೊಳ್ಳಬಲ್ಲ ಎಂಬುದು ಇದರ ಹಿಂದಿನ ಎಣಿಕೆ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮ್ಯಾಕ್ಲೆಲಂಡ್ 1964ರಲ್ಲಿ ಆಂಧ್ರದ ಕಾಕಿನಾಡದ ಸಣ್ಣ ವ್ಯಾಪಾರಿಗಳ ಮೇಲೆ ನಡೆಸಿದ ಪ್ರಯೋಗದ ಬಳಗಕ್ಕೆ ಸೇರಿದ ಆಟ ಇದು.

ತರಬೇತಿ ಮುಗಿದ ಮೇಲೆ ಎರಡು ವರ್ಷ ಸಂಸ್ಥೆಯವರು ಹುಡುಕಿಕೊಂಡು ಹೋಗುತ್ತಾರೆ. ಅಂಗಡಿ ಇಟ್ಟೆಯಾ, ಬ್ಯಾಂಕಿನವರು ಏನೆಂದರು, ಯಾಕೆ ನಿಲ್ಲಿಸಿದೆ ಎಂದು ವಿಚಾರಿಸುತ್ತಾರೆ. ಸಂಸ್ಥೆ ತನ್ನ ಯಶಸ್ಸನ್ನು ಅಳೆಯುವುದು ತರಬೇತಿ ಪಡೆದವರಲ್ಲಿ ಎಷ್ಟು ಮಂದಿ ಸ್ವಂತ ಕಾಲಿನಲ್ಲಿ ನಿಂತರು ಎಂಬುದರಿಂದ. ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ 2009ರಲ್ಲಿ ಈ ಮಾದರಿಯನ್ನೇ ಎತ್ತಿಕೊಂಡು ಜಿಲ್ಲೆಗೊಂದು ಆರ್‌ಸೆಟಿ ತರಬೇತಿ ಸಂಸ್ಥೆ ಎಂದು ದೇಶಕ್ಕೆಲ್ಲ ಹಂಚಿತು. ಉಜಿರೆಯಿಂದ ದೆಹಲಿಗೆ ಹೋದದ್ದು ಬಹುಶಃ ಇದೊಂದೇ ಯೋಜನೆ; ಉಳಿದವೆಲ್ಲ ಅತ್ತಲಿಂದ ಇತ್ತ ಬಂದವು.

ಬಂದವುಗಳ ಪಟ್ಟಿ ಉದ್ದ. 1993ರಲ್ಲಿ ಪ್ರಧಾನಮಂತ್ರಿ ರೋಜ್‌ಗಾರ್ ಯೋಜನೆ. 1999ರಲ್ಲಿ ಐ.ಆರ್.ಡಿ.ಪಿ.ಯನ್ನು ಮುಚ್ಚಿ ಗುಂಪುಗಳ ಮೂಲಕ ಸ್ವರ್ಣಜಯಂತಿ. 2008ರಲ್ಲಿ ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಕಾರ್ಯಕ್ರಮ (ಪಿ.ಎಂ.ಇ.ಜಿ.ಪಿ.), 2015ರಲ್ಲಿ ಮುದ್ರಾ, 2023ರಲ್ಲಿ 18 ಕಸುಬುಗಳಿಗೆ ವಿಶ್ವಕರ್ಮ. ಹಳೆಯ ಪಾಠ ಕೆಲವು ಕಡೆ ಒಳಗಿಳಿದಿದೆ. ಪಿ.ಎಂ.ಇ.ಜಿ.ಪಿ.ಯಲ್ಲಿ ಹಳ್ಳಿಯ ಘಟಕಕ್ಕೆ ಶೇಕಡಾ 25ರಿಂದ 35ರವರೆಗೆ ಸಬ್ಸಿಡಿ ಇದೆ, ಆದರೆ ಆ ಹಣ ಮೂರು ವರ್ಷ ಠೇವಣಿಯಲ್ಲಿ ಕೂರುತ್ತದೆ. ಘಟಕ ನಿಜವಾಗಿ ನಡೆದಿದೆಯೇ ಎಂದು ನೋಡಿದ ಮೇಲೆ ಸಾಲಕ್ಕೆ ಜಮೆ. ಸಬ್ಸಿಡಿಗಾಗಿಯೇ ಮೆಷಿನು ಕೊಳ್ಳುವವರಿಗೆ ಇದು ಕಡಿವಾಣ. ಮುದ್ರಾ ಮತ್ತೆ ಮೇಳದ ದಾರಿಗೇ ಹತ್ತಿರ. ಜಾಮೀನು ಬೇಡ, 50,000 ರೂಪಾಯಿವರೆಗಿನದು ಶಿಶು, ವರ್ಷಕ್ಕೆ ಇಂತಿಷ್ಟು ಲಕ್ಷ ಕೋಟಿ ಎಂಬ ಗುರಿ. ಚಾದಂಗಡಿಯವನಿಗೆ ಬಡ್ಡಿಯವನ ಕೈಯಿಂದ ಬಿಡುಗಡೆ ಕೊಟ್ಟದ್ದಿದೆ. ಅದೇ ಬೀದಿಯಲ್ಲಿ ಮೂರನೇ ಚಾದಂಗಡಿ ಎಬ್ಬಿಸಿದ್ದೂ ಇದೆ.

ಇಷ್ಟರಲ್ಲಿ ಬಾಗಿಲಿಗೆ ಬರುತ್ತಿದ್ದ ಬ್ಯಾಂಕುಗಳ ಹೆಸರುಗಳೇ ಹೋದವು. 2019ರ ಏಪ್ರಿಲ್ 1ಕ್ಕೆ ವಿಜಯಾ ಬರೋಡದಲ್ಲಿ, ಮರುವರ್ಷ ಅದೇ ದಿನ ಕಾರ್ಪೊರೇಶನ್ ಯೂನಿಯನ್ನಿನಲ್ಲಿ, ಸಿಂಡಿಕೇಟ್ ಕೆನರಾದಲ್ಲಿ ಕರಗಿದವು. ತುಳು ಬಾರದ ಮ್ಯಾನೇಜರ್ ಈಗ ಹಳ್ಳಿಯ ಶಾಖೆಗಳಲ್ಲಿ ಅಪರೂಪವಲ್ಲ. ಒಳ್ಳೆಯವರೇ ಇರುತ್ತಾರೆ, ಎರಡು ಮೂರು ವರ್ಷಕ್ಕೆ ವರ್ಗವಾಗುತ್ತಾರೆ.

ಪುತ್ತೂರು, ಸುಳ್ಯ, ಕಡಬದ ಕಡೆ ಪಿ.ಎಂ.ಇ.ಜಿ.ಪಿ. ಎಂದರೆ ಕಣ್ಣಮುಂದೆ ಬರುವುದು ಅಡಿಕೆ ಹಾಳೆ ತಟ್ಟೆಯ ಘಟಕ. ಕಚ್ಚಾ ಮಾಲು ತೋಟದಲ್ಲೇ ಉದುರಿ ಬೀಳುತ್ತದೆ. ಒಣಗಿದ ಹಾಳೆಯನ್ನು ನೀರಲ್ಲಿ ನೆನೆಸಿ, ಉಜ್ಜಿ ತೊಳೆದು, ಕಾದ ಅಚ್ಚಿನ ನಡುವೆ ಇಟ್ಟು ಒತ್ತಿದರೆ ತಟ್ಟೆ. ಅಂಚು ಕತ್ತರಿಸಿ, ಎಣಿಸಿ, ಕಟ್ಟು ಕಟ್ಟಿದರಾಯಿತು. ಹೆಚ್ಚಾಗಿ ಊರಿನ ಹೆಂಗಸರದೇ ಕೆಲಸ. ಮಳೆಗಾಲಕ್ಕೆ ಮೊದಲು ಹಾಳೆ ಒಟ್ಟಿಟ್ಟುಕೊಳ್ಳದಿದ್ದರೆ ಬೂಸಲು ಹಿಡಿಯುತ್ತದೆ. ಕರೆಂಟು ಹೋದರೆ ಅಚ್ಚು ಮತ್ತೆ ಕಾಯುವವರೆಗೆ ಎಲ್ಲರೂ ಸುಮ್ಮನೆ ಕೂರಬೇಕು. ಇಷ್ಟನ್ನೆಲ್ಲ ನಿಭಾಯಿಸಿ ಹಲವರು ರಫ್ತಿನವರೆಗೆ ಹೋದರು.

2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಡಿಕೆ ಹಾಳೆಯ ತಟ್ಟೆಯಿಂದ ಅಡಿಕೆಯ ಆಲ್ಕಲಾಯ್ಡುಗಳು ಊಟಕ್ಕೆ ಇಳಿಯಬಹುದು, ಅದು ಸುರಕ್ಷಿತವಲ್ಲ ಎಂದು ಹೇಳಿ ಆಮದಿಗೆ ತಡೆ ಹಾಕಿತು. ಸಾಲದ ಕಂತಿಗೆ ತಡೆಯಿಲ್ಲ. ಈಗ ಈ ಘಟಕಗಳಿಗೆ ಬೇಕಾಗಿರುವುದು ಇನ್ನೊಂದು ಸಾಲವಲ್ಲ. ತೊಳೆದು ಕಾಯಿಸಿ ಒತ್ತಿದ ತಟ್ಟೆಯಿಂದ ಬಿಸಿ ಸಾರಿಗೆ, ಹುಳಿಗೆ, ಎಣ್ಣೆಗೆ ಎಷ್ಟು ಇಳಿಯುತ್ತದೆ ಎಂದು ಅಳೆದು ಹೇಳುವ, ಹೊರದೇಶದವರೂ ಒಪ್ಪುವ ಒಂದು ಪ್ರಯೋಗಾಲಯದ ವರದಿ. ಅಡಿಕೆಯ ಮೇಲೆ ದಶಕಗಳಿಂದ ಕೆಲಸ ಮಾಡುತ್ತಿರುವ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ಪಕ್ಕದ ಕಾಸರಗೋಡಿನಲ್ಲಿದೆ, ಅದರ ಕೇಂದ್ರ ವಿಟ್ಲದಲ್ಲೇ ಇದೆ. ಎರಡು ಪ್ರೆಸ್ಸಿನ ಘಟಕವೊಂದು ಅಂಥ ಪರೀಕ್ಷೆಯ ಖರ್ಚು ಹೊರಲಾರದು. ವರದಿ ತಟ್ಟೆಯ ಪರವಾಗಿ ಬಂದರೆ ಅದನ್ನು ಹಿಡಿದು ವಾಷಿಂಗ್ಟನ್ನಿನಲ್ಲಿ ವಾದಿಸಬಲ್ಲವರು ಸರಕಾರದವರೇ. ವಿರುದ್ಧವಾಗಿ ಬಂದರೆ ಅದನ್ನೂ ಬೇಗ ಹೇಳಬೇಕು. ಇಲ್ಲವಾದರೆ ಈ ವರ್ಷದ ಗುರಿ ಮುಟ್ಟಿಸಲು ಅದೇ ಹಾಳೆ ತಟ್ಟೆಗೆ ಇನ್ನಷ್ಟು ಅರ್ಜಿಗಳು ಮಂಜೂರಾಗುತ್ತಾ ಹೋಗುತ್ತವೆ.